ಒಂದು ಹನಿ ರಕ್ತ, ಐವತ್ತು ಸುಳ್ಳು ಅಲಾರಂ

ಹೋದ ಸೆಮಿಸ್ಟರ್ ಹ್ಯಾಕಥಾನ್‌ನಲ್ಲಿ ನಾವು ನಾಲ್ವರು ಒಂದು ಐಡಿಯಾ ಇಟ್ಟಿದ್ವಿ: ಒಂದು ಹನಿ ರಕ್ತದಿಂದ ಸ್ತನ ಕ್ಯಾನ್ಸರ್ ಪತ್ತೆ ಹಚ್ಚುವ ಸೆನ್ಸರ್. ಸ್ಲೈಡ್ ಮೇಲೆ ದೊಡ್ಡದಾಗಿ '95% ಅಕ್ಯುರೇಸಿ' ಅಂತ ಬರೆದಿದ್ವಿ. ಚಪ್ಪಾಳೆಯೂ ಬಿತ್ತು. ಆದರೆ ನಮ್ಮಲ್ಲೊಬ್ಬಳ ಅಮ್ಮ ಫೋನಿನಲ್ಲಿ ಕೇಳಿದ್ರು: "ಅದು ಪಾಸಿಟಿವ್ ಅಂತ ತೋರಿಸಿದ್ರೆ ನಂಗೆ ನಿಜವಾಗ್ಲೂ ಕ್ಯಾನ್ಸರ್ ಇದೆ ಅಂತಾನಾ ಪುಟ್ಟಿ?"

ಲೆಕ್ಕ ಹಾಕಿದ್ವಿ. ಸಾವಿರ ಹೆಂಗಸರಲ್ಲಿ ಐದು ಜನಕ್ಕೆ ಕಾಯಿಲೆ ಇದೆ ಅಂತಿಟ್ಟುಕೊಳ್ಳಿ. ನಮ್ಮ ಟೆಸ್ಟ್ ಆ ಐದೂ ಜನರನ್ನು ಹಿಡಿಯಿತು ಅನ್ನೋಣ. ಉಳಿದ 995 ಮಂದಿಯಲ್ಲಿ 5% ತಪ್ಪಾದರೂ ಸುಮಾರು 50 ಆರೋಗ್ಯವಂತರಿಗೆ 'ಪಾಸಿಟಿವ್' ಬರುತ್ತೆ. ಅಂದರೆ 55 ಅಲಾರಂಗಳಲ್ಲಿ ನಿಜವಾದದ್ದು ಐದೇ. ಐವತ್ತು ಮನೆಗಳಲ್ಲಿ ಸುಮ್ಮಸುಮ್ಮನೆ ನಿದ್ದೆ ಹಾಳು, ಬಯಾಪ್ಸಿ ಖರ್ಚು ಬೇರೆ. ಬೇಯ್ಸ್ ಪ್ರಮೇಯವನ್ನು ಎಕ್ಸಾಮ್‌ಗೆ ಓದಿದ್ದ ನಾವು ಇಲ್ಲಿ ಮರೆತಿದ್ವಿ.

ಸಿಗ್ನಲ್ ಕೂಡ ಸುಲಭಕ್ಕೆ ಸಿಗಲ್ಲ. ಸಿಎ 15-3 ಅನ್ನೋ ಪ್ರೋಟೀನನ್ನು ವೈದ್ಯರು ರಕ್ತದಲ್ಲಿ ಅಳೀತಾರೆ, ಆದರೆ ಮುಖ್ಯವಾಗಿ ಹರಡಿದ ಕ್ಯಾನ್ಸರ್‌ಗೆ ಚಿಕಿತ್ಸೆ ಹೇಗೆ ನಡೀತಿದೆ ಅಂತ ನೋಡೋಕೆ. ಆರಂಭದ ಹಂತದಲ್ಲಿ ಅದು ಎಷ್ಟೋ ಸಲ ನಾರ್ಮಲ್ ಆಗೇ ಇರುತ್ತೆ. ಲಿವರ್ ತೊಂದರೆಯಿದ್ದರೂ ಏರಬಹುದು. ಗೆಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ತುಣುಕುಗಳದ್ದೂ ಇದೇ ಕಥೆ: ಗೆಡ್ಡೆ ಚಿಕ್ಕದಿದ್ದಾಗ ತುಣುಕುಗಳೂ ತೀರಾ ಕಡಿಮೆ. ಬೇಗ ಹಿಡಿಯಬೇಕಾದಾಗಲೇ ಸಿಗ್ನಲ್ ವೀಕು, ನಾಯ್ಸ್ ಜಾಸ್ತಿ.

ಹಾಗಂತ ಕೈಬಿಡಬೇಕಾ? ಖಂಡಿತ ಬೇಡ. ಆದರೆ ಸೆನ್ಸರ್ ಬರೋವರೆಗೆ ಕಾಯೋದೂ ಬೇಡ. ಮುಂಬೈನಲ್ಲಿ 1998ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರಹತ್ತಿರ 30% ಕಡಿಮೆಯಾಗಿತ್ತು.

ನಮ್ಮ ಅಭಿಪ್ರಾಯ ಇಷ್ಟೇ. ಇಂಥ ಪ್ರಾಜೆಕ್ಟ್ ಮಾಡುವವರು ಅಕ್ಯುರೇಸಿ ಪಕ್ಕದಲ್ಲೇ ಸುಳ್ಳು ಪಾಸಿಟಿವ್ ಎಷ್ಟು ಅಂತಾನೂ ಬರೀಬೇಕು. ಇನ್ನೊಂದು ಮಾತು: ಸ್ಟೇಜ್ ಮೇಲೆ ಇಂಗ್ಲಿಷ್‌ನಲ್ಲಿ ಸಲೀಸಾಗಿ ಹೇಳಿದ 'ಸ್ತನ' ಅನ್ನೋ ಪದವನ್ನು ಮನೇಲಿ ಕನ್ನಡದಲ್ಲಿ ಹೇಳೋಕೆ ನಾವು ನಾಲ್ವರೂ ತಡವರಿಸಿದ್ವಿ. ಆದರೂ ಹೇಳಿದ್ವಿ: "ಅಮ್ಮಾ, ಗಂಟು ಏನಾದ್ರೂ ಕೈಗೆ ಸಿಕ್ಕಿದ್ರೆ ನೋವಿಲ್ಲ ಅಂತ ಸುಮ್ನಿರಬೇಡ, ಡಾಕ್ಟರ್‌ಗೆ ತೋರಿಸು."

ಈ ವಾರ ಊರಿಗೆ ಹೋದಾಗ ನೀವೂ ಹೇಳ್ತೀರಲ್ವಾ?