ಬಿಲ್ಲೆಯ ಸುತ್ತಲಿನ ವರ್ತುಲ

ಜಯನಗರದಲ್ಲಿರುವ ನಮ್ಮ ಮಿತ್ರರೊಬ್ಬರು ಕಳೆದ ತಿಂಗಳು ಒಂದು ಸಂಜೆ ಬಹಳ ಕೋಪದಿಂದ ಬಂದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದ್ದ ಅವರ ಮಡದಿಗೆ ಚಳಿಜ್ವರ, ಉರಿಮೂತ್ರ. “ಮೂತ್ರವನ್ನು ಪರೀಕ್ಷೆಗೆ ಕೊಟ್ಟು ಎರಡು ದಿನವಾಯಿತು, ಸ್ವಾಮಿ! ಇನ್ನೂ ನಾಳೆ ಬನ್ನಿ ಎನ್ನುತ್ತಾರೆ. ಕಂಪ್ಯೂಟರಿನ ಕಾಲದಲ್ಲಿ ಇದೆಂಥ ನಿಧಾನ?”

ನಿಧಾನವು ಪ್ರಯೋಗಶಾಲೆಯದಲ್ಲ, ರೋಗಾಣುವಿನದು. ಮೊದಲ ರಾತ್ರಿ ಅದು ಅಗರ್ ತಟ್ಟೆಯ ಮೇಲೆ ಬೆಳೆಯಬೇಕು. ಮರುದಿನ ಅದನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಮೇಲಿಟ್ಟು, ಬೆಚ್ಚನೆಯ ಪೆಟ್ಟಿಗೆಯಲ್ಲಿ ಮತ್ತೊಂದು ರಾತ್ರಿ ಇರಿಸುತ್ತಾರೆ. ಔಷಧ ಗೆದ್ದರೆ ಬಿಲ್ಲೆಯ ಸುತ್ತ ಚಂದ್ರನ ಪರಿವೇಷದಂತೆ ತಿಳಿಯಾದ ವರ್ತುಲ. ಸೋತರೆ ಅಂಚಿನವರೆಗೂ ಪಾಚಿಯಂತೆ ರೋಗಾಣು.

ಸೋಲುವುದೇಕೆ? ಪೆನಿಸಿಲಿನ್ನಿನ ಬಳಗದ ಔಷಧಗಳಿಗೆಲ್ಲ ನಾಲ್ಕು ಮೂಲೆಯ ಉಂಗುರವೊಂದಿದೆ. ಅವುಗಳ ಶಕ್ತಿಯೆಲ್ಲ ಅದರಲ್ಲಿ. ಕೆಲವು ರೋಗಾಣುಗಳು ಆ ಉಂಗುರವನ್ನು ಅಡಕತ್ತರಿಯಂತೆ ಕತ್ತರಿಸುವ ಕಿಣ್ವವನ್ನು ತಯಾರಿಸುತ್ತವೆ. ಪೆನಿಸಿಲಿನ್ ಆಸ್ಪತ್ರೆಗಳಲ್ಲಿ ಬಳಕೆಗೆ ಬರುವ ಮುನ್ನವೇ, 1940ರಲ್ಲಿ, ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೈನ್ ಇಂಥ ಕಿಣ್ವವನ್ನು ಗುರುತಿಸಿದ್ದರು. ಒಂದು ರೋಗಾಣು ಈ ವಿದ್ಯೆಯನ್ನು ಬೇರೆ ಜಾತಿಯ ರೋಗಾಣುವಿಗೂ ದಾಟಿಸಬಲ್ಲದೆಂದು 1965ರಲ್ಲಿ ನವೋಮಿ ದತ್ತ ಮತ್ತು ಕೊಂಟೊಮಿಖಾಲೂ ಎಂಬ ಇಬ್ಬರು ಮಹಿಳೆಯರು ಪ್ರಕಟಿಸಿದರು. ಔಷಧಗಳು ಎಡೆಬಿಡದೆ ಹರಿಯುವ ಆಸ್ಪತ್ರೆಯೇ ಈ ವಿದ್ಯೆಗೆ ತಕ್ಕ ಗುರುಕುಲ.

ಹೊಸ ಔಷಧಗಳನ್ನೂ ತುಂಡರಿಸುವ ಇ.ಎಸ್.ಬಿ.ಎಲ್. ಕಿಣ್ವಗಳನ್ನು ಹಿಡಿಯುವ ಉಪಾಯ ಸೊಗಸಾಗಿದೆ. ಒಂದು ಬಿಲ್ಲೆಯಲ್ಲಿ ಸೆಫ್ಟಾಜಿಡಿಮ್ ಮಾತ್ರ. ಇನ್ನೊಂದರಲ್ಲಿ ಅದರೊಡನೆ ಕ್ಲಾವ್ಯುಲಾನಿಕ್ ಆಮ್ಲ. ಈ ಆಮ್ಲ ತಾನಾಗಿ ಹೆಚ್ಚೇನೂ ಕೊಲ್ಲದು, ಅಡಕತ್ತರಿಯ ಬಾಯಿಗೆ ಸಿಕ್ಕಿದ ಕಲ್ಲಿನಂತೆ ಕಿಣ್ವವನ್ನು ತಡೆದು ನಿಲ್ಲಿಸುತ್ತದೆ. ಎರಡನೆಯ ವರ್ತುಲ ಮೊದಲನೆಯದಕ್ಕಿಂತ 5 ಮಿಲಿಮೀಟರಾದರೂ ಅಗಲವಾಗಿದ್ದರೆ ಕಳ್ಳ ಸಿಕ್ಕಂತೆ. ನವದೆಹಲಿಯ ಹೆಸರು ಹೊತ್ತು 2009ರಲ್ಲಿ ವರದಿಯಾದ ಎನ್.ಡಿ.ಎಂ. ಕಿಣ್ವವಾದರೋ ಈ ಕಲ್ಲಿಗೂ ಜಗ್ಗದು. ಅದರ ಹಲ್ಲು ಸತುವಿನದು. ಸತುವನ್ನು ಕಸಿಯುವ ಇ.ಡಿ.ಟಿ.ಎ.ಯಿಂದ ಅದರ ಗುರುತು ಹಿಡಿಯಬೇಕು. (ಊರಿನ ಹೆಸರಿಗಾಗಿ ನಮ್ಮವರು ಕೆರಳಿದಷ್ಟು ಕಿಣ್ವಕ್ಕಾಗಿ ಕೆರಳಲಿಲ್ಲ.)

ಮಿತ್ರರಿಗೆ ಮರುದಿನ ದೊರೆತ ವರದಿಯಲ್ಲಿ “ಬೆಳವಣಿಗೆ ಇಲ್ಲ” ಎಂದಿತ್ತು. ಸಂತೋಷಪಟ್ಟರು. ನಾಲ್ಕು ದಿನಗಳಲ್ಲಿ ಜ್ವರ ಮತ್ತೆ ಏರಿತು. ವಿಚಾರಿಸಿದಾಗ ಸತ್ಯ ಹೊರಬಿತ್ತು: ಮೂತ್ರ ಕೊಡುವ ಮೊದಲೇ ಮಗರಾಯ, ಕಪಾಟಿನಲ್ಲಿ ಉಳಿದಿದ್ದ ಯಾವುದೋ ಹಳೆಯ ಮಾತ್ರೆಗಳನ್ನು ತಾಯಿಗೆ ನುಂಗಿಸಿದ್ದ! ರೋಗಾಣು ಸೀಸೆಯಲ್ಲಿ ಮಂಕಾಗಿತ್ತು, ಮೈಯಲ್ಲಿ ಅಲ್ಲ.

ಎರಡನೆಯ ಸಲ ಮಾತ್ರೆಗೆ ಮೊದಲೇ ಮಾದರಿ ಕೊಟ್ಟರು. ಕ್ಲೆಬ್ಸಿಯೆಲ್ಲಾ, ಇ.ಎಸ್.ಬಿ.ಎಲ್. ಸಹಿತ. ವೈದ್ಯರು ಮೆರೋಪೆನೆಮ್ ಚುಚ್ಚುಮದ್ದು ಬರೆದರು. ಆಕೆ ಈಗ ಅಂಗಳಕ್ಕೆ ಬಂದು ರಂಗೋಲಿ ಇಡುವಷ್ಟು ಚೇತರಿಸಿಕೊಂಡಿದ್ದಾರೆ. ಇನ್ನು ಯಾವ ಆಸ್ಪತ್ರೆಗೆ ಹೋದರೂ ಮೊದಲು ಆ ವರದಿಯನ್ನು ತೋರಿಸಬೇಕೆಂದು ವೈದ್ಯರು ಹೇಳಿರುವುದರಿಂದ, ಮಿತ್ರರು ಅದನ್ನು ಮಡಿಸಿ ಪಂಚಾಂಗದೊಳಗೆ ಇಟ್ಟಿದ್ದಾರೆ. ಕಪಾಟಿನ ಬೀಗದ ಕೈ ಈಗ ಸೊಸೆಯ ಬಳಿ ಇದೆ.