62 ದಾಟಿದವರಿಗೆಲ್ಲ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ರಿಯಾಯಿತಿ ಸಿಗುತ್ತದೆಯೇ?

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರ ಪ್ರವಾಸದ ಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್ ಇದ್ದೇ ಇರುತ್ತವೆ. ‘62 ವರ್ಷ ತುಂಬಿದ್ದರೆ ಸಾಕು, 10 ಡಾಲರ್‌ಗೆ ಜೀವನಪೂರ್ತಿ ಪಾಸ್’ ಎಂಬ ಮಾತು ನಂಬಿ ಹೋದರೆ ಗೇಟಿನಲ್ಲಿ ನಿರಾಸೆಯಾಗುತ್ತದೆ. ಇದರಲ್ಲಿ ನಿಜವೆಷ್ಟು, ಹಳತೆಷ್ಟು ಎಂದು ನೋಡೋಣ.

ಯಾರಿಗೆ ಸಿಗುತ್ತದೆ?

ವಯಸ್ಸೊಂದೇ ಸಾಲದು. 62 ತುಂಬಿದ ಅಮೆರಿಕದ ಪ್ರಜೆಗಳಿಗೆ ಹಾಗೂ ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಗಳಿಗೆ ಮಾತ್ರ ಸೀನಿಯರ್ ಪಾಸ್ ಸಿಗುತ್ತದೆ. ವಿಸಿಟರ್ ವೀಸಾದಲ್ಲಿ ಹೋದವರಿಗೆ 80 ವರ್ಷವಾಗಿದ್ದರೂ ಇಲ್ಲ. ಅಷ್ಟೇ ಅಲ್ಲ, 2026ರಿಂದ ವಿದೇಶಿಯರ ವಾರ್ಷಿಕ ಪಾಸ್ ಬೆಲೆ 250 ಡಾಲರ್ ಆಗಿದೆ. ಅಲ್ಲಿನ ನಿವಾಸಿಗಳಿಗೆ ಅದು 80 ಡಾಲರ್.

10 ಡಾಲರ್ ಕಥೆ ಏನು?

ಅದು ಸುಳ್ಳಲ್ಲ, ಹಳೆಯ ನಿಜ. 1994ರಿಂದ ದರ 10 ಡಾಲರ್ ಇತ್ತು. 2016ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾಯ್ದೆಯೊಂದು ಅದನ್ನು ಸಾಮಾನ್ಯ ವಾರ್ಷಿಕ ಪಾಸ್‌ನ ಬೆಲೆಗೆ ಸಮ ಮಾಡಿತು. 2017ರ ಆಗಸ್ಟ್ 28ರಿಂದ ಜೀವಾವಧಿ ಪಾಸ್‌ಗೆ 80 ಡಾಲರ್. ಆ ದಿನಕ್ಕೆ ಮುನ್ನ ಹಿರಿಯರು ಮುಗಿಬಿದ್ದು ಪಾಸ್ ಕೊಂಡರು. ಹಾಗೆ ಕೊಂಡ ಹಳೆಯ ಜೀವಾವಧಿ ಪಾಸ್‌ಗಳು ಈಗಲೂ ನಡೆಯುತ್ತವೆ.

ಏರಿಕೆ ಅನ್ಯಾಯವೇ?

ಪಿಂಚಣಿಯಲ್ಲಿ ಬದುಕುವವರಿಗೆ ಒಮ್ಮೆಲೇ ಎಂಟು ಪಟ್ಟು ಎಂದರೆ ಭಾರವೇ. ಆದರೆ ಇನ್ನೊಂದು ಮಗ್ಗುಲೂ ಇದೆ. ರಸ್ತೆ, ಸೇತುವೆ, ಶೌಚಾಲಯಗಳ ಬಾಕಿ ದುರಸ್ತಿಯ ವೆಚ್ಚ ಆ ಹೊತ್ತಿಗೆ 1,100 ಕೋಟಿ ಡಾಲರ್ ಮೀರಿತ್ತು. ಈ ಎರಡರ ನಡುವೆ ಕಾಯ್ದೆ ಒಂದು ದಾರಿ ಬಿಟ್ಟಿದೆ: ವರ್ಷಕ್ಕೆ 20 ಡಾಲರ್‌ನ ಪಾಸ್. ಅಂಥ ನಾಲ್ಕು ಪಾಸ್ ಕೊಟ್ಟರೆ ಜೀವಾವಧಿ ಪಾಸ್ ಸಿಗುತ್ತದೆ. ಅಂದರೆ ಅದೇ 80 ಡಾಲರ್, ಬಡ್ಡಿಯಿಲ್ಲದ ಕಂತಿನಲ್ಲಿ.

ಲಾಭ ಇದೆಯೇ?

ಗ್ರ್ಯಾಂಡ್ ಕ್ಯಾನ್ಯನ್‌ಗೆ ಒಂದು ಕಾರಿನ ಪ್ರವೇಶಕ್ಕೆ 35 ಡಾಲರ್. ಮೂರು ಸಲ ಹೋದರೆ 105 ಆಗುತ್ತದೆ; ಅಲ್ಲಿಗೆ ಪಾಸ್‌ನ ಹಣ ಹುಟ್ಟಿತು. ವಾಹನಕ್ಕೆ ಲೆಕ್ಕ ಹಾಕುವ ಕಡೆ ಪಾಸ್‌ದಾರರ ಇಡೀ ಕಾರಿನ ಶುಲ್ಕ ಮಾಫಿ. ಕೆಲವೆಡೆ ಕ್ಯಾಂಪಿಂಗ್ ಶುಲ್ಕ ಅರ್ಧವಾಗುತ್ತದೆ. ಆದರೆ ಪಾಸ್ ಯಾರ ಹೆಸರಿನಲ್ಲಿದೆಯೋ ಅವರು ಫೋಟೊ ಗುರುತಿನ ಚೀಟಿಯೊಂದಿಗೆ ಜೊತೆಯಲ್ಲಿರಲೇಬೇಕು. ಅಮ್ಮನ ಪಾಸ್ ಹಿಡಿದು ಮಗನೊಬ್ಬನೇ ಹೋಗುವಂತಿಲ್ಲ.

ಇಷ್ಟು ನೆನಪಿಡಿ

ವಿಸಿಟರ್ ವೀಸಾದ ಹಿರಿಯರು ನಿರಾಶರಾಗಬೇಕಿಲ್ಲ. ರಾಷ್ಟ್ರೀಯ ಉದ್ಯಾನ ಸೇವೆ ನೋಡಿಕೊಳ್ಳುವ 400ಕ್ಕೂ ಹೆಚ್ಚು ತಾಣಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶ ಶುಲ್ಕವೇ ಇಲ್ಲ. ಅಪ್ಪ-ಅಮ್ಮನಿಗೆ ಟಿಕೆಟ್ ಕಾಯ್ದಿರಿಸುವ ಮುನ್ನ ಆಯಾ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಇಂದಿನ ದರ ನೋಡಿ. ಹತ್ತು ಡಾಲರ್‌ನ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಬದಲು, ಕಳಿಸಿದವರಿಗೆ ಹೊಸ ದರ ತಿಳಿಸಿ.