ಹಳೇ ಕಾರು, ಹೊಸ ಬೆಳಕು | ಭಾಗ 5: ಆ ರೀಲ್ ಯಾಕೆ ಡಿಲೀಟ್ ಮಾಡಿದೆ

ದೀಪಾವಳಿ ಟೈಮಲ್ಲಿ ನಾನು ಹಾಕಿದ್ದ ರೀಲ್ ನೆನಪಿದೆಯಾ? ಮಾಮನ 2003ರ ಕಾರು, ಹಿಂದೆ ಬಳ್ಳಾರಿ ಗುಡ್ಡ, ಸ್ವಿಚ್ ಒತ್ತಿದ ಕೂಡಲೇ ಹಾಲಿನಂಥ ಬಿಳಿ ಬೆಳಕು. "ಬೆಂಕಿ ಮಗಾ" ಅಂತ ಎಷ್ಟೋ ಜನ ಬರೆದಿದ್ರಿ. ನಮ್ಮ ಕ್ಲಾಸಿನ ನಾಲ್ಕು ಜನ ಎಲ್ಲಿ ಸಿಕ್ತು ಅಂತ ಕೇಳಿ, ಅದೇ ಎಲ್‌ಇಡಿ ಹಾಕಿಸ್ಕೊಂಡ್ರಿ ಕೂಡ. ಬೇರೆಯವರು ಓದದಿದ್ರೂ ಪರವಾಗಿಲ್ಲ, ಆ ನಾಲ್ಕು ಜನ ಇದನ್ನ ಪೂರ್ತಿ ಓದಿ.

ಹೋದ ತಿಂಗಳು ಕುರುಗೋಡಿಂದ ರಾತ್ರಿ ವಾಪಸ್ ಬರ್ತಿದ್ದೆ. ಹೈ ಬೀಮ್ ಹಾಕಿರ್ಲಿಲ್ಲ, ಲೋ ಬೀಮೇ ಇತ್ತು. ಎದುರಿಗೆ ಒಂದು ಎಕ್ಸೆಲ್ ಗಾಡಿ. ಅಜ್ಜ ಓಡಿಸ್ತಿದ್ದ, ಹಿಂದೆ ಅಜ್ಜಿ. ಹತ್ತಿರ ಬರ್ತಾ ಗಾಡಿ ಒಮ್ಮೆ ಓಲಾಡ್ತು, ಡಾಂಬರು ಬಿಟ್ಟು ಕೆಳಗಿಳಿದು ಮಣ್ಣಲ್ಲಿ ಬಿತ್ತು. ಕಾರು ನಿಲ್ಲಿಸಿ ಓಡಿದೆ. ಅಜ್ಜಿಯ ಮೊಣಕೈ ತರಚಿ ರಕ್ತ ಬರ್ತಿತ್ತು. ಪುಣ್ಯಕ್ಕೆ ಅಷ್ಟೇ. ಅಜ್ಜ ಬಯ್ಯಲಿಲ್ಲ. "ಕಣ್ಣಿಗೆ ಕತ್ಲಿ ಬಂತು ತಮ್ಮಾ. ನಿಂದು ಕಾರೋ ಲಾರಿಯೋ ಅಂತಾನೂ ಗೊತ್ತಾಗ್ಲಿಲ್ಲ" ಅಂದ. ಬೈದಿದ್ರೆ ಒಳ್ಳೇದಿತ್ತು ಅನಿಸ್ತು.

ನಾನು ಸ್ಪೀಡಲ್ಲಿ ಇರ್ಲಿಲ್ಲ, ರಾಂಗ್ ಸೈಡಲ್ಲೂ ಇರ್ಲಿಲ್ಲ. ತಪ್ಪು ಲೈಟಿನದು. ಲೈಟ್ ಹಾಕಿಸಿದ್ದು ನಾನು.

ಯಾಕೆ ಹಿಂಗಾಯ್ತು ಅಂತ ಆಮೇಲೆ ಓದಿ ತಿಳ್ಕೊಂಡೆ. ಹಳೇ ಕಾರುಗಳಲ್ಲಿ ಹೆಚ್ಚಾಗಿ ಇರೋದು ಎಚ್4 ಹ್ಯಾಲೊಜೆನ್ ಬಲ್ಬ್. ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಒಳಗೆ ಎರಡು ತಂತಿ ಇರ್ತವೆ. ಲೋ ಬೀಮ್ ತಂತಿಯ ಕೆಳಗೆ ಒಂದು ಚಿಕ್ಕ ಲೋಹದ ಬಟ್ಟಲು. ಬೆಳಕು ಮೇಲಕ್ಕೆ ಹೋಗದಂತೆ ತಡೆಯೋದು ಅದೇ. ಹಿಂದಿನ ರಿಫ್ಲೆಕ್ಟರಿನ ಒಂದೊಂದು ಬಾಗೂ ಆ ತಂತಿ ಕೂತಿರೋ ಜಾಗವನ್ನ ನಂಬಿಕೊಂಡು ಮಾಡಿದ್ದು. ಅದೇ ಜಾಗಕ್ಕೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟೋ ಜಾಗವೂ ಆಕಾರವೂ ಬದಲಾಗುತ್ತೆ. ರೋಡಿಗೆ ಬೀಳಬೇಕಾದ ಬೆಳಕು ಅಜ್ಜನ ಕಣ್ಣಿಗೆ ಬೀಳುತ್ತೆ. ನಮಗೆ ಮಾತ್ರ ಕಾರಿನ ಮುಂದಿನ ಹತ್ತು ಅಡಿ ಬೆಳ್ಳಗೆ ಕಂಡು "ಸೂಪರ್" ಅನಿಸುತ್ತೆ.

"ಹೊಸ ಕಾರುಗಳಲ್ಲಿ ಕಂಪನಿಯವರೇ ಎಲ್‌ಇಡಿ ಕೊಡ್ತಾರಲ್ಲ" ಅಂತೀರಾ? ಹೌದು, ಆದರೆ ಅಲ್ಲಿ ಇಡೀ ಲ್ಯಾಂಪನ್ನೇ ಎಲ್‌ಇಡಿಗೆ ತಕ್ಕಂತೆ ಮಾಡಿರ್ತಾರೆ. ನಾವು ಮಾಡೋದು ಬೇರೆಯವರ ಪವರಿನ ಕನ್ನಡಕ ಹಾಕ್ಕೊಂಡಂಗೆ.

ಇನ್ನೊಂದು ವಾದ ನಿಜಕ್ಕೂ ಗಟ್ಟಿ ಇದೆ. "ಸಿರುಗುಪ್ಪ ರೋಡಲ್ಲಿ ರಾತ್ರಿ ಹೋಗಿ ನೋಡು, ಆಮೇಲೆ ಮಾತಾಡು." ಹೋಗಿದ್ದೀನಿ. ಸುಗ್ಗಿಯಲ್ಲಿ ತೆಕ್ಕಲಕೋಟೆ ದಾಟಿದ ಮೇಲೆ ಭತ್ತದ ಟ್ರ್ಯಾಕ್ಟರುಗಳ ಸಾಲು. ಟ್ರಾಲಿ ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬೆಳಕು ಬೇಕು, ಒಪ್ಪಿದೆ. ಆದರೆ ಎದುರಿನವನ ಕಣ್ಣು ಕತ್ತಲಾದರೆ ಅವನೂ ಆ ಟ್ರಾಲಿ ಕಾಣಲ್ಲ, ನಿಮ್ಮನ್ನೂ ಕಾಣಲ್ಲ. ಅವನು ನಿಮ್ಮ ಕಡೆಗೇ ತಿರುಗಿದರೆ ನಿಮ್ಮ ಎಲ್‌ಇಡಿ ಏನು ಮಾಡುತ್ತೆ?

ಹಾಗಾದರೆ ಹಳೇ ಕಾರಿಗೆ ಏನು ಮಾಡಬೇಕು? ಹೊಸದು ಹಾಕೋ ಮುಂಚೆ ಇದ್ದದ್ದನ್ನ ಸರಿ ಮಾಡಿ. ನಾನು ಮಾಡಿದ್ದು ಇಷ್ಟು, ಫೋಟೋಗಳೂ ಇದೇ ಕ್ರಮದಲ್ಲಿವೆ.

ಒಂದು, ಗ್ಲಾಸ್. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ನಮ್ಮೂರ ಬಿಸಿಲಿಗೆ ಹಳದಿಯಾಗಿರುತ್ತೆ. ನೀರು ಹಾಕ್ಕೊಂಡು 800, 1000, 2000 ನಂಬರಿನ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಯುವಿ ಕ್ಲಿಯರ್ ಕೋಟ್ ಹೊಡೆಯಬೇಕು. ಕೊನೇದನ್ನ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಎರಡು, ವೈರಿಂಗ್. ಇಂಜಿನ್ ಆನ್ ಇದ್ದಾಗ ಬ್ಯಾಟರಿಯಲ್ಲಿ 13.6 ವೋಲ್ಟ್, ಬಲ್ಬಿನ ಹೋಲ್ಡರಲ್ಲಿ ಬರೀ 11.9. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಕಡಿಮೆಯಾಗುತ್ತೆ. ಅಂದರೆ ಮಾಮ ಇಷ್ಟು ವರ್ಷ ಮೂರನೇ ಒಂದು ಭಾಗ ಬೆಳಕು ಕಳ್ಕೊಂಡೇ ಓಡಿಸ್ತಿದ್ದ! ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಸಮೇತ, ರಿಲೇ ಹಾಕಿದ ದಪ್ಪ ವೈರಿಂಗ್ ಎಳೆಸಿದೆ. ಈಗ ಹಳೇ ಸ್ವಿಚ್ ಮೇಲೆ ಭಾರವೂ ಇಲ್ಲ.

ಮೂರು, ಬಲ್ಬ್. ಮತ್ತೆ 60/55 ಹ್ಯಾಲೊಜೆನ್ನೇ. 100/90 ಹಾಕೋ ಆಸೆ ಬಂದರೆ ಲೆಕ್ಕ ಮಾಡಿ: ಎರಡು ನೂರು ವ್ಯಾಟ್ ಬಲ್ಬ್ ಅಂದರೆ 12 ವೋಲ್ಟಲ್ಲಿ 16 ಆಂಪಿಯರ್ ಮೇಲೆ. ಹಳೇ ವೈರ್, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತೆ. ಬಲ್ಬಿನ ಗಾಜನ್ನ ಬೆರಳಲ್ಲಿ ಮುಟ್ಟಬೇಡಿ. ಎಣ್ಣೆ ಅಂಟಿದ ಜಾಗ ಕಾದು ಬಲ್ಬ್ ಬೇಗ ಹೋಗುತ್ತೆ.

ನಾಲ್ಕು, ಅಲೈನ್‌ಮೆಂಟ್. ಸಮತಟ್ಟು ಜಾಗ, ಒಂದು ಗೋಡೆ, ಐದು ಮೀಟರ್ ದೂರ. ಲ್ಯಾಂಪಿನ ಮಧ್ಯಭಾಗ ಎಷ್ಟು ಎತ್ತರವೋ ಅಷ್ಟಕ್ಕೆ ಗೋಡೆ ಮೇಲೆ ಗೆರೆ. ಲೋ ಬೀಮಿನ ಮೇಲಿನ ಅಂಚು ಸಾಮಾನ್ಯವಾಗಿ ಆ ಗೆರೆಗಿಂತ ಐದು ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಗಡೆ ಮಾತ್ರ ಸ್ವಲ್ಪ ಮೇಲೆದ್ದಿರುತ್ತೆ, ರೋಡಿನ ಅಂಚು ಕಾಣಲಿ ಅಂತ.

ಬಿಕಾಂ ಹುಡುಗ ಅಲ್ವಾ, ಲೆಕ್ಕ ಕೊಡದೆ ಬಿಡಲ್ಲ. ಎಲ್‌ಇಡಿಗೆ ಕೊಟ್ಟಿದ್ದು 2,200 ರೂಪಾಯಿ. ಈ ನಾಲ್ಕೂ ಕೆಲಸಕ್ಕೆ ಆಗಿದ್ದು 2,000. ಮೊದಲನೇ ಖರ್ಚಿನ ಲಾಭ ನನ್ನ ರೀಲಿಗೆ, ನಷ್ಟ ಆ ಅಜ್ಜಿಯ ಮೊಣಕೈಗೆ. ಅವರ ನಷ್ಟ ನನ್ನ ಯಾವ ಬಿಲ್ಲಲ್ಲೂ ಕಾಣಲಿಲ್ಲ. ನನ್ನ ಸಿಟ್ಟು ಅದಕ್ಕೇ. ನಾವು "ನನ್ನ ಗಾಡಿ, ನನ್ನ ದುಡ್ಡು" ಅಂತೀವಿ. ಸೀಟು, ಸ್ಟೀರಿಯೋ ಆದ್ರೆ ಸರಿ. ಹೆಡ್‌ಲೈಟ್ ಹಂಗಲ್ಲ. ಅದರ ಅರ್ಧ ಕೆಲಸ ಎದುರಿನವನ ಕಣ್ಣಲ್ಲಿ ನಡೆಯುತ್ತೆ.

ಕಾನೂನೂ ಹೇಳೋದು ಇದನ್ನೇ. ಕೇಂದ್ರ ಮೋಟಾರು ವಾಹನ ನಿಯಮ 1989ರ 106ನೇ ನಿಯಮ ಓದಿ: ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರೋ ಕಣ್ಣನ್ನ ಲೈಟ್ ಕೋರೈಸಬಾರದು. ಮನುಷ್ಯನ ಕಣ್ಣಿನ ಎತ್ತರವನ್ನೇ ಅಳೆದು ಬರೆದ ನಿಯಮ ಅದು. 2019ರ ತಿದ್ದುಪಡಿ ಆದ್ಮೇಲೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿವರೆಗೆ ದಂಡ ಬೀಳಬಹುದು. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಲೈಟುಗಳ ಮೇಲೆ ಕೇಸ್ ಹಾಕೋಕೆ ಶುರು ಮಾಡಿದ್ರು. ಅದೇ ಜೋರಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರಾಲಿಗಳನ್ನೂ ಹಿಡೀಲಿ, ಅದನ್ನ ನಾನೂ ಕೇಳ್ತೀನಿ. ಆದರೆ ಅವರು ಹಿಡಿಯೋವರೆಗೂ ನಾನು ಕಾಯಬೇಕಾಗಿಲ್ಲ.

ಬೈಕ್ ಇರೋರೂ ಕೇಳಿ, ಹಳೇ ಬೈಕಿನ ಹ್ಯಾಲೊಜೆನ್ ಲ್ಯಾಂಪಿಗೆ ಎಲ್‌ಇಡಿ ತುರುಕಿದ್ರೆ ಕಥೆ ಇದೇ.

ಈ ಭಾನುವಾರ ಸಂಜೆ ಏಳಕ್ಕೆ ನಮ್ಮ ಮನೆ ಹತ್ರ ಗಾಡಿ ತನ್ನಿ. ಗೋಡೆ ಇದೆ, ಚಾಕ್‌ಪೀಸ್ ಇದೆ, ಸ್ಕ್ರೂಡ್ರೈವರ್ ಇದೆ. ಚಹಾ ನಂದು. ಆ ನಾಲ್ಕು ಜನ ಬರಲೇಬೇಕು. ಹಳೇ ಬಲ್ಬ್ ಬಿಸಾಕಿದ್ರೆ ಹೊಸ ಜೋಡಿ ನಾನೇ ಕೊಡಿಸ್ತೀನಿ, ಯಾಕಂದ್ರೆ ನಿಮಗೆ ಆ ಎಲ್‌ಇಡಿ ಹಾಕಿಸಿದ್ದು ನನ್ನ ರೀಲ್.

#ಬಳ್ಳಾರಿ #ಕುರುಗೋಡು #ಸಿರುಗುಪ್ಪ #ಹಳೇಕಾರುಹೊಸಬೆಳಕು